ಸಂಪಿನ ಮುಚ್ಚಳ

ರಾಗಿಗುಡ್ಡ, ಶಿವಮೊಗ್ಗ
ಮಂಗಳವಾರ

ಮನೆ ಒಡತಿ ಹೂವಮ್ಮನವರಿಗೆ,

ಕೆಳಗಿನ ಮನೆ ಬಾಡಿಗೆದಾರ ಮುರಳಿಯ ನಮಸ್ಕಾರಗಳು. ‘ಆ ಗುಜರಿ ಜೀಪು ಗೇಟು ದಾಟೋ ತನಕ ನಿನ್ನ ಹತ್ರ ಮಾತಿಲ್ಲ ಮಾರಾಯ’ ಎಂದಿರಲ್ಲ, ಅದಕ್ಕೇ ಈ ಕಾಗದ.

ಅದು ಗುಜರಿಯಲ್ಲ, ಮಿಲಿಟರಿಯವರು ಹರಾಜು ಹಾಕಿದ ಜೀಪು. ಭದ್ರಾವತಿಯ ಗುಜರಿ ಅಂಗಡಿಯಲ್ಲಿ ಸಿಕ್ಕಿತು, ಅಷ್ಟೇ. ಬಾನೆಟ್ಟೊಂದು ಇರಲಿಲ್ಲ. ಅದಕ್ಕಾಗಿ ಎರಡು ವರ್ಷ ಬೆಳಗಾವಿಯ ತನಕ ಅಲೆದೆ.

ನಿನ್ನೆ ನೀರು ಬಿಡುವಾಗ, ನೀವು ಹಪ್ಪಳ ಒಣಗಿಸುವ ಸಂಪಿನ ಮುಚ್ಚಳದ ಹಸಿರು ಬಣ್ಣ ಎದ್ದಿತ್ತು. ಉಜ್ಜಿದೆ. ಕೆಳಗೆ ಮಿಲಿಟರಿ ಬಾಣದ ಗುರುತು, ಪಕ್ಕದಲ್ಲಿ ನನ್ನ ಜೀಪಿನದೇ ನಂಬರು!

ಗುಜರಿಯವನಿಗೆ ಫೋನ್ ಮಾಡಿದೆ. ‘ನಿಮ್ ಓನರ್ ಹುಲಿಯಪ್ಪನೋರೇ ಮಾರಿದ್ದು ಸಾರ್. ಹೆಂಡ್ತಿ ಬೈತಾಳೆ ಅಂತ ಜೀಪು ಕೊಟ್ರು, ಬಾನೆಟ್ ಮಾತ್ರ ಸಂಪಿಗೆ ಬೇಕು ಅಂತ ಇಟ್ಕೊಂಡ್ರು’ ಎಂದ. ಅಂದರೆ ನಿಮ್ಮ ಯಜಮಾನರಿದ್ದಾಗ ಒಮ್ಮೆ, ಅವರು ಹೋದ ಮೇಲೆ ಈಗ ಇನ್ನೊಮ್ಮೆ, ಅದೇ ಜೀಪನ್ನು ಅದೇ ಗೇಟಿನಿಂದ ನೀವು ಆಚೆಗಟ್ಟುತ್ತಿದ್ದೀರಿ.

ನನ್ನ ಕೋರಿಕೆ ಇಷ್ಟೇ. ಸಂಪಿಗೆ ಕಡಪಾ ಕಲ್ಲು ಹಾಕಿಸುತ್ತೇನೆ, ಮುಚ್ಚಳ ಕೊಡಿ. ಕೊಡಲು ಮನಸ್ಸು ಬಾರದಿದ್ದರೆ ಜೀಪನ್ನೂ ಅದರ ಪಕ್ಕದಲ್ಲೇ ಇರಗೊಡಿ.

ಇನ್ನೊಂದು ವಿಷಯ. ಆ ಮುಚ್ಚಳದ ಮೇಲೆ, ಎಲ್ಲರೂ ದೇವರ ಹೆಸರು ಬರೆಸುವ ಜಾಗದಲ್ಲಿ ನಿಮ್ಮ ಯಜಮಾನರು ‘ಹೂವಮ್ಮನ ಕೃಪೆ’ ಎಂದು ಬರೆಸಿದ್ದಾರೆ. ಆ ಅಕ್ಷರ ಕಂಡ ಕೂಡಲೇ ಉಜ್ಜುವುದನ್ನು ನಿಲ್ಲಿಸಿದೆ.

ಕೃಪೆ ಈಗಲೂ ಇದೆಯೇ ಎಂದು ಕಿಟಕಿಯಿಂದಲೇ ತಿಳಿಸಿದರೆ ಸಾಕು.

ಇಂತಿ,
ಜೀಪು ಸಮೇತ,
ಮುರಳಿ