ಕೂತು ಊದಲು ಬಾರದ ಲಗಮಣ್ಣ

ಮುಂಬಯಿ, ೫-೧-೧೯೮೬

ಕಾಕಾನವರಿಗೆ ಸಿದರಾಯನ ಶರಣು.

ದಿಗ್ಗೇವಾಡಿಯ ಮನೆಗೆ ಕಾರ್ಡು ಹಾಕಿದರೆ ಪೋಸ್ಟಿನವನು ಓಣಿಯಲ್ಲೇ ಓದಿ ಹೇಳುತ್ತಾನೆ. ಅದಕ್ಕೇ ರಾಯಬಾಗದ ನಿಮ್ಮ ಅಂಗಡಿಗೆ ಬರೆದಿದ್ದೇನೆ.

ಇಲ್ಲಿ ಫರ್ನಾಂಡಿಸ್ ಎಂಬ ಮುದುಕ, ಹಿಂದೆ ಜಾಜ್ ಬ್ಯಾಂಡು ನುಡಿಸುತ್ತಿದ್ದ ಹೋಟೆಲುಗಳನ್ನು ಜನರನ್ನು ನಡೆಸಿಕೊಂಡು ಹೋಗಿ ತೋರಿಸುತ್ತಾನೆ. ತಾನೂ ಆಗ ತುತ್ತೂರಿ ಊದಿದವನು. ಕ್ಲಾರಿನೆಟ್ ಊದಲು ಮುಂಬಯಿಗೆ ಬಂದು ಪತ್ತೆಯಿಲ್ಲದಾದ ಭಾವನನ್ನು ಹುಡುಕಲು ತಂಗೆವ್ವಕ್ಕ ನನ್ನನ್ನು ಕಳಿಸಿದ್ದಳಲ್ಲ, ಸುಳಿವು ಸಿಕ್ಕೀತೆಂದು ನಾನೂ ಅವನ ಬೆನ್ನು ಹತ್ತಿದೆ. ಈಗ ಸೀರೆ ಅಂಗಡಿಯಾಗಿರುವ ಒಂದು ಹೋಟೆಲಿನ ಮುಂದೆ ನಿಂತು ಅವನು ಮರಾಠಿಯಲ್ಲಿ ನಗಿಸತೊಡಗಿದ. ನಮ್ಮ ಮಾತಿನಲ್ಲೇ ಬರೆಯುತ್ತೇನೆ.

"ನಿಪ್ಪಾಣಿ ಮದುವಿ ಬ್ಯಾಂಡಿನವ ಒಬ್ಬ ಇದ್ದ, ಲಗಮಣ್ಣ. ಕ್ಲಾರಿನೆಟ್ ಭಾಳ ಚಲೋ ಊದತಿದ್ದ. ಆದರ ಕುರ್ಚಿ ಮ್ಯಾಲ ಕುಂತರ ಉಸಿರೇ ಬರತಿರಲಿಲ್ಲ. ಊದಕೋತ ಟೇಬಲ್ ನಡುವ ನಡದಬಿಡಾವ, ಹಿಂದ ಕುದರಿ ಮ್ಯಾಲ ಮದುಮಗ ಬರಾಕತ್ತಾನ ಅನ್ನೂವಂಗ."

ಎಲ್ಲರೂ ನಕ್ಕರು. ಭಾವನೇ ಅವನು ಎಂದು ನಾನೂ ಖುಷಿಯಿಂದ ನಕ್ಕೆ.

"ಈಗ ಎಲ್ಲಿ ಅದಾನ್ರಿ?"

"ಒಂದಿನ ಊದಕೋತ ಬಾಗಿಲಾ ದಾಟಿ ರಸ್ತೆಕ್ಕ ಇಳದ, ತಮ್ಮಾ. ಬಸ್ ಬಂತು. ನಾವೇ ಮಣ್ಣ ಮಾಡಿದ್ವಿ. ಅವನ ಮನಿ ಎಲ್ಲೈತಿ ಅಂತ ಯಾರಿಗೂ ಗೊತ್ತಿರಲಿಲ್ಲ."

ಹಿಂದಿನ ಕಾರ್ಡಿನಲ್ಲಿ ಬರೆದಿದ್ದ ನನ್ನ ಜ್ವರ ಇಳಿದಿದೆ, ಚಿಂತೆ ಬೇಡ. ಹಬ್ಬ ಮುಗಿದ ಮೇಲೆ ಬಂದು ಅಕ್ಕನಿಗೆ ನಾನೇ ಹೇಳುತ್ತೇನೆ. ಸಂಕ್ರಾಂತಿಗೆ ಬಳೆಗಾರ ಬಂದರೆ ತಡೆಯಬೇಡಿರಿ. ಈ ಒಂದು ಸಲ ಅಕ್ಕ ಕೈತುಂಬ ಇಡಿಸಿಕೊಳ್ಳಲಿ. ಕಾರ್ಡಿನಲ್ಲಿ ಜಾಗವಿಲ್ಲ.

ಸಿದರಾಯ