ಅಕ್ಕನ ಪಕ್ಕ ನಿಂತು ತೆಗೆಸಿಕೊಂಡ ಫೋಟೊ

ಲಾಕ್ಸೆಲ್ವ್,
ಭಾನುವಾರ ಬೆಳಿಗ್ಗೆ, 19 ಜುಲೈ 1998

ಪ್ರೀತಿಯ ರಾವ್ನಾ ಅಕ್ಕಾ,

ಹೇಗಿದ್ದೀಯ? ನಿನ್ನೆ ತಾನೇ ಕಣ್ಣಾರೆ ನೋಡಿಬಂದು ಇವತ್ತು ಹೀಗೆ ಕೇಳಲು ನನಗೇ ನಾಚಿಕೆಯಾಗುತ್ತದೆ. ಆದರೂ ಕೇಳದೆ ಮುಂದಿನದನ್ನು ಬರೆಯಲು ಕೈ ಏಳುತ್ತಿಲ್ಲ. ನೀನು ಬಲಗಾಲು ಎಳೆದುಕೊಂಡು ನಡೆಯುತ್ತಿದ್ದೆ. ಮಂಡಿಯೋ, ಸೊಂಟವೋ? ಡಾಕ್ಟರಿಗೆ ತೋರಿಸಿದ್ದೀಯಾ, ಇಲ್ಲ ಅಮ್ಮನ ಹಾಗೆ ಸೀಲ್ ಪ್ರಾಣಿಯ ಎಣ್ಣೆ ತಿಕ್ಕಿಕೊಂಡು ಸುಮ್ಮನಿದ್ದೀಯಾ? ನಿನ್ನ ಎರಡು ಬೆರಳು ಮಡಚಲು ಬರುತ್ತಿರಲಿಲ್ಲ, ಅದನ್ನೂ ಕಂಡೆ. ಅಷ್ಟಾದರೂ ಮೇಜಿನ ಮೇಲಿಟ್ಟಿದ್ದ ಉಣ್ಣೆಯ ಕೈಗವಸುಗಳ ಹೆಣಿಗೆಯಲ್ಲಿ ಒಂದು ಕುಣಿಕೆಯೂ ತಪ್ಪಿರಲಿಲ್ಲ. ನನಗೆ ರಕ್ತದೊತ್ತಡಕ್ಕೆ ದಿನಕ್ಕೊಂದು ಮಾತ್ರೆ, ಅದು ಬಿಟ್ಟರೆ ಚೆನ್ನಾಗಿದ್ದೇನೆ. ನಾರ್ವೇಜಿಯನ್ನಿನಲ್ಲಿ ಬರೆಯುತ್ತಿದ್ದೇನೆಂದು ಸಿಟ್ಟಾಗಬೇಡ. ನಮ್ಮ ಸಾಮಿ ಜನರ ಮಾತನ್ನು ಬರೆಯುವುದನ್ನು ನಮಗೆ ಯಾರು ಕಲಿಸಿದರು? ಶಾಲೆಯಲ್ಲಿ ಅದನ್ನು ಆಡಿದ್ದಕ್ಕೆ ನಿನ್ನನ್ನು ಎರಡು ಹೊತ್ತು ಉಪವಾಸ ಕೆಡವಿದ್ದು ನನಗೆ ನೆನಪಿದೆ. ನಿನ್ನ ಪಕ್ಕದ ಬೆಂಚಿನಲ್ಲಿ ಕೂತು ನಾನು ಗಂಜಿ ಉಂಡಿದ್ದೂ ನೆನಪಿದೆ.

ನಾವು ಅಲ್ಲಿಗೆ ಹೇಗೆ ಬಂದೆವೆಂದು ಹೇಳಬೇಕು. ನನ್ನ ಗಂಡ ಲುದ್ವಿಗ್ ಹೋದ ವರ್ಷ ತೀರಿಕೊಂಡರು. ಆಮೇಲೆ ಅಮ್ಮ ಮಂಕಾಗಿದ್ದಾಳೆ, ಹುಟ್ಟಿದ ಊರು ತೋರಿಸಿದರೆ ಚೇತರಿಸಿಕೊಳ್ಳುತ್ತಾಳೆ ಎಂದು ಮಗ ಟೊರ್ಸ್ಟೈನ್ ತಾನೇ ತೀರ್ಮಾನಿಸಿದ. ಒಳ್ಳೆಯ ಹುಡುಗ ಅಕ್ಕಾ, ನಾಲಿಗೆ ಮಾತ್ರ ಅವರಪ್ಪನದು. ನಾನು ಬೇಡವೆಂದಷ್ಟೂ ಅವನ ಹಟ ಹೆಚ್ಚಾಯಿತು. ಟ್ರೊಂಡ್‌ಹೈಮಿನಿಂದ ಐದು ದಿನ, ಅವನೇ ಕಾರು ಓಡಿಸಿದ. ಪಕ್ಕದಲ್ಲಿ ಸೊಸೆ ಮೇರೆಟೆ ನಕ್ಷೆ ಹಿಡಿದು ಕೂತಿದ್ದಳು. ಹಿಂದೆ ನಾನು, ಹದಿನಾಲ್ಕರ ಮೊಮ್ಮಗಳು ಯೂರುನ್, ನಮ್ಮಿಬ್ಬರ ನಡುವೆ ಬ್ರೆಡ್ಡು-ಚೀಸಿನ ಡಬ್ಬಿ. ಕಡಲು ಒಳನುಗ್ಗಿದ ಒಂದೊಂದು ಫ್ಯೋರ್ಡನ್ನೂ ಸುತ್ತಿ ಸುತ್ತಿ ಹೋಗಬೇಕು. ಎದುರು ದಡ ಕೈಗೆ ಸಿಗುವಂತೆ ಕಾಣುತ್ತದೆ, ಅಲ್ಲಿಗೆ ಮುಟ್ಟಲು ಒಂದು ಗಂಟೆ. ಬೆಟ್ಟದ ಮೇಲೆ ಇನ್ನೂ ಹಿಮ, ಕೆಳಗೆ ಕಪ್ಪು ನೀರು. ಉತ್ತರಕ್ಕೆ ಹೋದಂತೆಲ್ಲ ನಾನು ಡಬ್ಬಿಯ ಬ್ರೆಡ್ಡು ಮುಟ್ಟುವುದನ್ನೇ ಬಿಟ್ಟೆ. ಮೇರೆಟೆ ಅದನ್ನು ದಾರಿಯ ತಿರುವಿನ ತಲೆಸುತ್ತು ಎಂದುಕೊಂಡು ಶುಂಠಿ ಪೆಪ್ಪರಮೆಂಟು ಕೊಡುತ್ತಿದ್ದಳು.

ಇವರಿಗೆಲ್ಲ ನಾನು ಹ್ಯಾಮರ್‌ಫೆಸ್ಟಿನವಳು, ಮೀನು ವ್ಯಾಪಾರಿಯ ಮಗಳು. ನಲವತ್ತನಾಲ್ಕರಲ್ಲಿ ಜರ್ಮನರು ಊರಿಗೆ ಬೆಂಕಿ ಇಟ್ಟಾಗ ಮನೆಯವರೆಲ್ಲ ಸತ್ತರು, ನಾನೊಬ್ಬಳೇ ಉಳಿದೆ. ಮದುವೆಗೆ ಮುಂಚೆ ಲುದ್ವಿಗ್‌ಗೆ ಹೇಳಿದ್ದು ಇದು. ಆಮೇಲೆ ತಿದ್ದಲು ಆಗಲೇ ಇಲ್ಲ. ಹ್ಯಾಮರ್‌ಫೆಸ್ಟಿನಲ್ಲಿ ಟೊರ್ಸ್ಟೈನ್ ನೇರವಾಗಿ ಸ್ಮಶಾನಕ್ಕೆ ಕರೆದುಕೊಂಡು ಹೋದ. "ಅಜ್ಜ ಅಜ್ಜಿ ಎಲ್ಲಿದ್ದಾರಮ್ಮ?" ಎಂದ. ನಾನು ಗೋಡೆಯ ಪಕ್ಕ ಅಕ್ಷರ ಅಳಿಸಿಹೋಗಿದ್ದ ಒಂದು ಕಲ್ಲನ್ನು ತೋರಿಸಿದೆ. ಅವನು ಮೊಣಕಾಲೂರಿ ಚಾಕುವಿನಿಂದ ಪಾಚಿ ಕೆರೆದ. ಯೂರುನ್ ಹಳದಿ ಹೂ ಕಿತ್ತು ತಂದಿಟ್ಟಳು. ಯಾರ ಕಲ್ಲೋ ಏನೋ. ನನಗೆ ಅಳು ಬಂತು, ಎಲ್ಲರೂ ನನ್ನ ಬೆನ್ನು ಸವರಿದರು.

ಗಂಡಾಂತರ ಕಳೆಯಿತು ಎಂದುಕೊಂಡೆ. ಹಿಂದಿರುಗುವ ದಾರಿ ಪೊರ್ಸಾಂಗೆರ್ ಫ್ಯೋರ್ಡಿನ ಅಂಚಿನಲ್ಲೇ ಹೋಗುತ್ತದೆಂದು ತಿಳಿದರೂ ನನಗೆ ಅಷ್ಟು ಭಯವಾಗಲಿಲ್ಲ. ನಮ್ಮ ಕಾಲದಲ್ಲಿ ಅಲ್ಲಿಯ ನಮ್ಮೂರಿಗೆ ದೋಣಿಯೇ ಗತಿ. ಜರ್ಮನರು ನಮ್ಮೂರನ್ನೂ ಸುಟ್ಟ ಮೇಲೆ ನೀವು ಮನೆಯನ್ನು ರಸ್ತೆಯ ಬದಿಗೇ ಕಟ್ಟಿಕೊಂಡಿರಬಹುದೆಂದು ನನಗೆ ಹೊಳೆದಿರಲಿಲ್ಲ. ಮೇರೆಟೆಯೇ ಕಂಡದ್ದು: "ನಿಲ್ಲಿಸಿ ನಿಲ್ಲಿಸಿ, ಕೈಗವಸು ಮಾರ್ತಿದ್ದಾರೆ!" ಕಾರಿನಿಂದ ಇಳಿಯುವಾಗ ಹಿಂದಿನ ಬಂಡೆ ಕಂಡಿತು, ಮೇಲಿನ ಅರ್ಧ ಕೆಂಪು, ಕೆಳಗಿನ ಅರ್ಧ ಬೂದು. ನಮ್ಮೂರಿನ ಅದೇ ಬಂಡೆ. ಆಮೇಲೆ ನೀನು ಬಾಗಿಲು ತೆಗೆದು ಹೊರಗೆ ಬಂದೆ.

ಟೊರ್ಸ್ಟೈನ್ ಆಡಿದ್ದು ನಿನಗೆ ಕೇಳಿಸಿತೆಂದು ನನಗೆ ಗೊತ್ತು. "ನೋಡು ಯೂರುನ್, ಇಷ್ಟು ದೂರ ಬಂದಿದ್ದಕ್ಕೂ ಒಂದು ಅಸಲಿ ಲಾಪ್ ಮುದುಕಿ ಸಿಕ್ಕಳು." ಯೂರುನ್ ಕೆಂಪಾಗಿ, "ಅಪ್ಪಾ, ಹಾಗನ್ನಬಾರದು, ಸಾಮಿ ಅನ್ನಬೇಕು" ಎಂದಳು. "ಸರಿಯಮ್ಮಾ, ಸಾಮಿ ಮುದುಕಿ. ವಾಸನೆ ಅದೇ!" ಎಂದು ನಕ್ಕ. ಅವನ ರಕ್ತದಲ್ಲಿ ಅರ್ಧ ಯಾವುದೆಂದು ತಿಳಿದಿದ್ದವಳು ಅಲ್ಲಿ ನಾನೊಬ್ಬಳೇ, ನಾನೂ ನಕ್ಕೆ. ಆ ನಗುವಿಗೇ ಇರಬೇಕು, ನೀನು ತಲೆಯೆತ್ತಿ ನೋಡಿದ್ದು. ನಿನ್ನ ಕಣ್ಣು ನನ್ನ ಎಡಹುಬ್ಬಿನ ಗಾಯದ ಗುರುತಿನ ಮೇಲೆ ನಿಂತಿತು, ಮೀನು ಸೀಳುವಾಗ ನಿನ್ನ ಚಾಕು ತಗುಲಿ ಆದದ್ದು. ನೀನು ಕೈಲಿದ್ದ ಒಣಮೀನಿನ ಕಟ್ಟು ಕೆಳಗಿಟ್ಟು ನಮ್ಮ ಮಾತಿನಲ್ಲಿ ಕೇಳಿದೆ: "ಸಿಗ್ಗಾ, ಬಂದೆಯೇನೇ? ಇಷ್ಟು ತಡ ಮಾಡೋದಾ?"

ಐವತ್ತನಾಲ್ಕು ವರ್ಷದಿಂದ ಯಾರೂ ನನ್ನನ್ನು ಆ ಹೆಸರಿನಿಂದ ಕರೆದಿರಲಿಲ್ಲ. ಜರ್ಮನರು ಊರು ಖಾಲಿ ಮಾಡಿಸಿದಾಗ ನಾನು ಅಂಗಡಿಯವರ ಮನೆಯ ಕೆಲಸದ ಹುಡುಗಿ. ಅವರ ಜೊತೆ ಹಡಗು ಹತ್ತುವಾಗ ಆ ಯಜಮಾನಿ ಪಟ್ಟಿಯಲ್ಲಿ ಸಿಗ್ರೂನ್ ಎಂದು ಬರೆಸಿದಳು. ಅಲ್ಲಿಂದ ಅದೇ ಆಯಿತು. "ಏನಂತಮ್ಮ ಈ ಅಜ್ಜಿ?" ಎಂದು ಟೊರ್ಸ್ಟೈನ್ ಕೇಳಿದ. ನಿಜ ಹೇಳಲು ಒಂದು ಉಸಿರಿನಷ್ಟು ಸಮಯವಿತ್ತು ಅಕ್ಕಾ, ಇಲ್ಲವೆನ್ನಲಾರೆ. ನಾನು ಹೇಳಿದೆ: "ನನಗೇನು ಗೊತ್ತು? ಅವರ ಭಾಷೆ ಇರಬೇಕು. ಪಾಪ, ಬೆಳಗಿನಿಂದಲೇ ಕುಡಿದಂಗಿದೆ." ನಮ್ಮಪ್ಪ ಕುಡಿದು ದೋಣಿ ಮಗುಚಿ ಸತ್ತ ಮೇಲೆ ನೀನು ಒಂದು ಹನಿ ಮುಟ್ಟಿರಲಾರೆ ಎಂದು ತಿಳಿದೂ ಅಂದೆ.

ನೀನು ಕೂಗಾಡಬಹುದಿತ್ತು, ನನ್ನ ಮುಖಕ್ಕೆ ಉಗಿಯಬಹುದಿತ್ತು. ಅದು ಬಿಟ್ಟು ತಿಳಿ ನಾರ್ವೇಜಿಯನ್ನಿನಲ್ಲಿ, "ತಪ್ಪು ತಿಳ್ಕೋಬೇಡಿ ಅಮ್ಮಾವ್ರೇ, ವಯಸ್ಸಾಯ್ತು, ನೀವು ನನ್ನ ತಂಗಿ ಥರ ಕಂಡ್ರಿ" ಎಂದೆ. ಎಲ್ಲರನ್ನೂ ಬೆಂಚಿನ ಮೇಲೆ ಕೂರಿಸಿ ಕಾಫಿ ತಂದುಕೊಟ್ಟೆ. ನಿನ್ನ ತಂಗಿ ಈಗೆಲ್ಲಿದ್ದಾಳೆ ಎಂದು ಯೂರುನ್ ಕೇಳಿದಾಗ ಅವಳ ಮುಖವನ್ನೇ ನೋಡುತ್ತ ಹೇಳತೊಡಗಿದೆ. ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ. "ಅವಳನ್ನ ಹಡಗು ಹತ್ತಿಸಿಕೊಂಡು ಹೋದ್ರು ಮಗಾ. ನಾನೂ ಅಮ್ಮನೂ ಬೆಟ್ಟದ ಮೇಲೆ ಮಣ್ಣಿನ ಗುಡಿಸಲಲ್ಲಿ ಅಡಗಿದ್ವಿ, ಚಳಿಗಾಲ ಪೂರ್ತಿ. ಯುದ್ಧ ಮುಗಿದ ಮೇಲೆ ಮೂರು ಕಾಗದ ಬಂತು. ಆಮೇಲೆ ಇಲ್ಲ. ಅಮ್ಮ ದೋಣಿ ಬಂದಾಗೆಲ್ಲ ಕೆಳಗಿಳಿದು ಹೋಗೋಳು. ಕಣ್ಣು ಹೋದ ಮೇಲೂ ಹೋಗೋಳು, ಹಗ್ಗ ಹಿಡ್ಕೊಂಡು. ಐವತ್ತಮೂರರ ಚಳಿಗಾಲದಲ್ಲಿ ಹಾಸಿಗೆ ಹಿಡಿದ್ಲು. ನಾನು ಕಾಗದ ಬರೆದೆ, ಒಂದೇ ಒಂದು ಸಲ ಬಾ ಅಂತ. ಹದಿನೇಳು ದಿನ ಜೀವ ಹಿಡ್ಕೊಂಡಿದ್ಲು ಮುದುಕಿ, ಬರ್ತಾಳೆ ಬರ್ತಾಳೆ ಅಂತ. ಕೊನೆಗೆ ನಾನೇ ಸುಳ್ಳು ಹೇಳಿದೆ, ಅವಳು ಸತ್ತೋದ್ಲಂತೆ ಅಮ್ಮ, ಸುದ್ದಿ ಬಂತು ಅಂತ. ಹೌದಾ, ಪಾಪ ಮಗು ಅಂದ್ಲು. ಆವತ್ತೇ ಪ್ರಾಣ ಬಿಟ್ಲು."

ಮೇರೆಟೆ ಕಣ್ಣೊರೆಸಿಕೊಂಡಳು. ಟೊರ್ಸ್ಟೈನ್, "ಎಂಥ ಕಲ್ಲೆದೆಯವಳಪ್ಪಾ ಅವಳು" ಎಂದ. ನೀನು, "ಅಯ್ಯೋ ಹಾಗನ್ಬೇಡಿ, ಅವಳು ಎಲ್ಲೋ ಚೆನ್ನಾಗಿರ್ಬೇಕು" ಎಂದು ನನ್ನ ಲೋಟಕ್ಕೆ ಇನ್ನಷ್ಟು ಕಾಫಿ ಸುರಿದೆ. ಆ ಕಾಗದ ನನ್ನ ಹಳೆಯ ವಿಳಾಸ ಸುತ್ತಿ ನನಗೆ ಬಂದಿತ್ತು. ನಿನ್ನ ಕೈಬರಹ ಗುರುತು ಹಿಡಿದು, ಲುದ್ವಿಗ್ ಬರುವ ಮುಂಚೆ ಒಡೆಯದೆಯೇ ಒಲೆಗೆ ಹಾಕಿದೆ. ಆಗ ಟೊರ್ಸ್ಟೈನ್ ಹೊಟ್ಟೆಯಲ್ಲಿದ್ದ. ಅದರಲ್ಲೇನಿತ್ತೆಂದು ತಿಳಿದದ್ದು ನಿನ್ನೆ.

ಆಮೇಲೆ ಫೋಟೊ. "ಅಮ್ಮ, ಅಜ್ಜಿ ಪಕ್ಕ ನಿಂತ್ಕೋ, ನೆನಪಿಗೆ. ಅಯ್ಯೋ ಹತ್ತಿರ ಹೋಗಮ್ಮ, ಕಚ್ಚಲ್ಲ ಅವರು!" ಎಂದು ಟೊರ್ಸ್ಟೈನ್ ನಮ್ಮಿಬ್ಬರ ಭುಜ ಹಿಡಿದು ಜೋಡಿಸಿದ. ನಿನ್ನ ಮೈಯಲ್ಲಿ ಹೊಗೆಯ ವಾಸನೆ, ಉಣ್ಣೆಯ ವಾಸನೆ. ನೀನು ಕ್ಯಾಮೆರಾ ನೋಡಿಕೊಂಡೇ, ತುಟಿ ಅಲುಗಿಸದೆ, ನಮ್ಮ ಮಾತಿನಲ್ಲಿ ಹೇಳಿದೆ: "ನಗು ಸಿಗ್ಗಾ. ನಿನ್ನ ಮಗ ನೋಡ್ತಿದ್ದಾನೆ." ನಾನು ನಕ್ಕೆ.

ಕಾರಿನಲ್ಲಿ ಯೂರುನ್, "ಅಜ್ಜಿ, ಅವರ ಗಲ್ಲ ಥೇಟ್ ನಿನ್ನ ಗಲ್ಲದ ಥರ ಇತ್ತು" ಎಂದಳು. ಟೊರ್ಸ್ಟೈನ್ ಸ್ಟೀರಿಂಗ್ ಕುಟ್ಟಿ ಕುಟ್ಟಿ ನಕ್ಕ. ಪೆಟ್ರೋಲ್ ಹಾಕಿಸಲು ನಿಲ್ಲಿಸಿದಾಗ ಬೆನ್ನು ಬಗ್ಗಿಸಿ ಬಲಗಾಲು ಎಳೆಯುತ್ತ ಕಾರನ್ನು ಸುತ್ತಿ, "ಬಂದೆಯಾ ತಂಗೀ" ಎಂದು ನನ್ನ ಕಿಟಕಿ ತಟ್ಟಿದ. ಅವನಿಗೇನು ಗೊತ್ತು ಪಾಪ. ಅವನನ್ನು ಹಾಗೆ ಬೆಳೆಸಿದವಳು ನಾನು. ಚಿಕ್ಕಂದಿನಲ್ಲಿ ಶಾಲೆಯಿಂದ ಲಾಪ್ ಎಂಬ ಬೈಗುಳ ಕಲಿತು ಬಂದಾಗ ಒಂದು ದಿನವೂ ಬೇಡವೆನ್ನಲಿಲ್ಲ. ಬೇಡವೆಂದರೆ ಯಾಕೆಂದು ಕೇಳಿಯಾರು ಎಂಬ ಭಯ.

ಕ್ಷಮಿಸು ಎಂದು ಬರೆಯಲು ಮೂರು ಸಲ ಹೊರಟು ಮೂರು ಸಲವೂ ಹಾಳೆ ಹರಿದೆ. ಕ್ಷಮಿಸಿದರೆ ನೀನು ಅಮ್ಮನಿಗೆ ದ್ರೋಹ ಮಾಡಿದಂತೆ. ನಿನ್ನ ಕಾಲು ಬೇಗ ವಾಸಿಯಾಗಲಿ. ಚಳಿಗಾಲಕ್ಕೆ ಮುಂಚೆ ಸೌದೆ ಒಡೆದುಕೊಡಲು ಯಾರಾದರೂ ಸಿಗಲಿ. ಅಮ್ಮನ ಸಮಾಧಿಗೆ ಹೋದಾಗ ನನ್ನ ಹೆಸರು ಹೇಳಬೇಡ, ನೆಮ್ಮದಿಯಾಗಿ ಮಲಗಿರಲಿ.

ನಿನ್ನ ತಂಗಿ,
ಸಿಗ್ಗಾ

ತಾ.ಕ.: ಕೆಳಗೆ ಕಾರು ಹೊರಡಿಸುತ್ತಿದ್ದಾರೆ, ಬೇಗ ಬರೆಯುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ಗೊತ್ತಾಯಿತು, ಯೂರುನ್ ನಿನ್ನೆ ನಿನ್ನ ವಿಳಾಸ ಕೇಳಿ ಬರೆದುಕೊಂಡಿದ್ದಾಳೆ. ಫೋಟೊ ತೊಳೆಸಿ ನಿನಗೆ ಕಳಿಸುತ್ತಾಳಂತೆ, ನಿನ್ನ ತಂಗಿಯ ಹೆಸರೇನೆಂದೂ ಕೇಳುತ್ತಾಳಂತೆ. ಈ ಪತ್ರ ಬರೆಯಲು ಕೂತದ್ದೇ ಅದಕ್ಕೆ. ಅವಳಿಗೆ ಉತ್ತರ ಬರೆಯಬೇಡ. ಬರೆಯಲೇಬೇಕೆಂದರೆ, ಅಮ್ಮನಿಗೆ ಹೇಳಿದ್ದನ್ನೇ ಅವಳಿಗೂ ಹೇಳು. ಮತ್ತೆ ಇದನ್ನು ಓದಿದ ತಕ್ಷಣ ಒಲೆಗೆ ಹಾಕು.