ಹಡಗಿನಿಂದ ಇಳಿದ ಪಂಚೆ

ಪ್ರೀತಿಯ ಅತ್ತಿಗೆ,

ಚೆನ್ನೈ ಬಂದರಿನಲ್ಲಿ ಹಡಗಿನಿಂದ ಇಳಿದೆವು. ಹಡಗಿನವರ ವಿಚಿತ್ರ ಪದ್ಧತಿ ಕೇಳಿ. ಇಳಿಯುವ ಹಿಂದಿನ ರಾತ್ರಿಯೇ ಪೆಟ್ಟಿಗೆಗಳನ್ನು ಕೋಣೆಯ ಹೊರಗಿಟ್ಟರೆ ಹಡಗಿನವರೇ ದಡಕ್ಕೆ ತಲುಪಿಸುತ್ತಾರೆ. ನಿಮ್ಮ ತಮ್ಮ ಪ್ಯಾಂಟುಗಳನ್ನೆಲ್ಲ ತುಂಬಿ ಹೊರಗಿಟ್ಟು ಚಡ್ಡಿಯಲ್ಲಿ ಮಲಗಿದರು! ಬೆಳಿಗ್ಗೆ ಉಳಿದಿದ್ದು, ದೇವಸ್ಥಾನಕ್ಕೆಂದು ನನ್ನ ಕೈಚೀಲದಲ್ಲಿಟ್ಟಿದ್ದ ಪಂಚೆ ಒಂದೇ. ನೀವು ಗೃಹಪ್ರವೇಶಕ್ಕೆ ಕೊಟ್ಟಿದ್ದು, ಅವರು ಇಷ್ಟು ವರ್ಷ ಮುಟ್ಟದೇ ಇದ್ದದ್ದು. ಅದನ್ನೇ ಉಟ್ಟು ಮುಜುಗರಪಡುತ್ತ ಇಳಿದರೆ, ಪೆಟ್ಟಿಗೆ ಹುಡುಕುವ ಹಾಲ್‌ನಲ್ಲಿ ಎಲ್ಲರೂ ಇವರನ್ನೇ ಈ ಊರಿನವರೆಂದುಕೊಂಡು, “ಸಾರ್, ಟ್ಯಾಕ್ಸಿ ಎಂಗೆ?” ಎಂದು ತಮಿಳಿನಲ್ಲಿ ಟ್ಯಾಕ್ಸಿ ಎಲ್ಲಿ ಸಿಗುತ್ತದೆಂದು ಕೇಳುವುದೇ! ಇವರೂ ಗಂಭೀರವಾಗಿ ಕೈ ತೋರಿಸುತ್ತಾರೆ.

ಪೆಟ್ಟಿಗೆ ಸಿಕ್ಕಿದೆ, ಹಡಗಿನ ಓಲಾಟಕ್ಕೆ ಶುರುವಾಗಿದ್ದ ನನ್ನ ತಲೆಸುತ್ತೂ ನಿಂತಿದೆ. ಊರಿಗೆ ಹೋಗುವ ವಿಮಾನಕ್ಕಾದರೂ ಪ್ಯಾಂಟ್ ಹಾಕಿಕೊಳ್ಳಿ ಎಂದರೆ, “ಬೇಡ ಕಣೇ, ಇದೇ ಹಾಯಾಗಿದೆ. ಅಕ್ಕಂಗೆ ಮಾತ್ರ ಬರೀಬೇಡ” ಎಂದು ಹೇಳಿ ಟ್ಯಾಕ್ಸಿ ಕರೆಯಲು ಹೋದರು.

ಅಷ್ಟರಲ್ಲಿ ಬರೆದುಬಿಟ್ಟೆ.

ವಸುಧಾ